ಬಾವು ಮರೆಸಿದ ಹಸಿವು

ನಮ್ಮ ದೊಡ್ಡವ್ವ ತೀರಿಕೊಂಡದ್ದು 1979ರ ಬೇಸಿಗೆಯಲ್ಲಿ. ಆಗ ನಾನು ಮೊಳಕಾಲ್ಮುರು ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ಹೊಸದಾಗಿ ಸೇರಿದ್ದ ಮೇಷ್ಟ್ರು. ದೊಡ್ಡವ್ವನ ಮನೆ ಚಳ್ಳಕೆರೆಯಿಂದಾಚೆ, ಪರಶುರಾಂಪುರದ ಹಾದಿಯಲ್ಲಿತ್ತು. ದೊಡ್ಡಪ್ಪ ಕಂಬಳಿ ನೇಯ್ದು ಚಳ್ಳಕೆರೆಯ ಸಂತೆಗೆ ಹೊತ್ತು ತಂದು ಮಾರುತ್ತಿದ್ದರು. ಇದ್ದ ನಾಲ್ಕು ಎಕರೆ ಹೊಲದಲ್ಲಿ ಶೇಂಗಾ ಬಿತ್ತುವುದು, ಕೀಳುವುದು, ಬಿಡಿಸುವುದು ಎಲ್ಲವೂ ದೊಡ್ಡವ್ವನದೇ ಕೆಲಸ. ಎತ್ತರದ ಆಳು, ಬಲಗೈಗೆ ಒಂದು ದಪ್ಪನೆಯ ಬೆಳ್ಳಿ ಕಡಗ. ಮದುವೆಯಲ್ಲಿ ತೊಡಿಸಿದ್ದು ಮುಂಗೈಗೆ ಕಚ್ಚಿಕೊಂಡುಬಿಟ್ಟಿತ್ತು, ಸೋಪಿನ ನೊರೆ ಹಚ್ಚಿದರೂ ಹೊರಬರುತ್ತಿರಲಿಲ್ಲ.

ಹಿಂದಿನ ವರ್ಷದ ಮಳೆಗಾಲದಲ್ಲಿ ಆಕೆಗೆ ಉಬ್ಬಸ ಶುರುವಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯುವಳು. ಪಾದಗಳು ಬಾತುಕೊಂಡು, ಕಾಲುಂಗುರವನ್ನು ಅಕ್ಕಸಾಲಿಗನಿಂದ ಕತ್ತರಿಸಿ ತೆಗೆಸಬೇಕಾಯಿತು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಮೂರು ಬಾರಿ ಆಸ್ಪತ್ರೆಗೆ ಸೇರಿಸಿದೆವು. ಹೃದಯ ಸೋತಿದೆ, ಮೈಯಲ್ಲಿ ನೀರು ನಿಂತಿದೆ, ಉಪ್ಪು ಕಡಿಮೆ ಮಾಡಿ ಎಂದರು. ಸೂಜಿ ಹಾಕಿದರು, ನೀರು ಹೋಗುವ ಮಾತ್ರೆ ಕೊಟ್ಟರು. ಬಾವು ಇಳಿದು ಮನೆಗೆ ಬರುವಳು; ತಿಂಗಳೆರಡು ತಿಂಗಳಲ್ಲಿ ಮತ್ತೆ ಅದೇ.

ವೈದ್ಯರು ಹೇಳಿದ್ದು ಉಪ್ಪು ಒಂದನ್ನೇ. ಆದರೆ ನಮ್ಮ ಮನೆಯಲ್ಲಿ ‘ಪಥ್ಯ’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅದಕ್ಕೆ ಕೈಕಾಲು ಮೂಡುತ್ತಿದ್ದವು. ರಾಗಿಮುದ್ದೆ ಭಾರ ಎಂದು ಬಿಡಿಸಿದೆವು. ಹುರುಳಿ, ಅಲಸಂದೆ ವಾಯು, ಮೊಸರು ಶೀತ, ಶೇಂಗಾ ಪಿತ್ತ, ಮೊಟ್ಟೆಯ ಮಾತಂತೂ ಎತ್ತುವ ಹಾಗಿರಲಿಲ್ಲ. ಉಳಿದದ್ದು ಬಿಳಿಯ ಅಕ್ಕಿಯ ಸಪ್ಪೆ ಗಂಜಿ, ಅದೂ ಎರಡು ಹೊತ್ತು. “ಒಂದೀಟು ಮುದ್ದೆ ಕೊಡ್ರವ್ವ, ಬಾಯೆಲ್ಲ ಸಪ್ಪಗಾಗೈತೆ” ಎಂದು ಆಕೆ ಸೊಸೆಯನ್ನು ಬೇಡಿಕೊಂಡದ್ದನ್ನು ನಾನು ಕೇಳಿದ್ದೇನೆ. “ಬ್ಯಾಡ ಕಣತ್ತೆ, ಡಾಕ್ಟ್ರು ಬೈತಾರೆ” ಎಂದು ಅತ್ತಿಗೆ ಕಣ್ಣೊರೆಸಿಕೊಂಡು ಒಳಗೆ ಹೋಗಿದ್ದನ್ನೂ ನೋಡಿದ್ದೇನೆ. ಆ ಮನೆಯಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ.

ಕೊನೆಯ ಸಲ ನೋಡಲು ಹೋದಾಗ ಆ ಬೆಳ್ಳಿ ಕಡಗ ಮೊಣಕೈಯನ್ನು ದಾಟಿ ರಟ್ಟೆಯ ಮೇಲೆ ಹೋಗಿ ಕುಳಿತಿತ್ತು. ಕೈ ಇಳಿಬಿಟ್ಟರೆ ಸರ್ರನೆ ಜಾರಿ ಬೆರಳುಗಳವರೆಗೆ ಬರುತ್ತಿತ್ತು. “ನೋಡಪ್ಪ ಮೇಷ್ಟ್ರೇ, ಬಾವು ಹೆಂಗೆ ಇಳೀತಾ ಐತೆ” ಎಂದು ದೊಡ್ಡಪ್ಪ ಸಮಾಧಾನಪಟ್ಟರು. ನಾನೂ ಹೌದೆಂದೆ. ಅದಾಗಿ ಮೂರು ವಾರಕ್ಕೆ ಸುದ್ದಿ ಬಂತು.

ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯಲು ಒಂದು ಕಾರಣವಿದೆ. ಈಚೆಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇದೇ ಕಾಯಿಲೆಯಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಅವರ ಹಾಸಿಗೆಯ ಬಳಿ ಕುಳಿತಿದ್ದಾಗ ಆಹಾರತಜ್ಞೆಯಾದ ಹುಡುಗಿಯೊಬ್ಬಳು ಬಂದು, ಟೇಪಿನಿಂದ ಅವರ ರಟ್ಟೆಯ ಸುತ್ತಳತೆಯನ್ನು ಹಿಡಿದು ಬರೆದುಕೊಂಡಳು. ಕಾಲು ಬಾತಿರುವಾಗ ರಟ್ಟೆಯನ್ನೇಕೆ ಅಳೆಯುತ್ತೀಯಮ್ಮ ಎಂದು ಕೇಳಿದೆ. “ಕಾಲು ಸುಳ್ಳು ಹೇಳುತ್ತೆ ಸಾರ್, ರಟ್ಟೆ ಹೇಳಲ್ಲ” ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ವೈದ್ಯನಲ್ಲ, ಚರಿತ್ರೆಯ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ನನಗೆ ತಿಳಿದ ದಾರಿಯಲ್ಲೇ, ಅಂದರೆ ಹಳೆಯ ಕಾಗದಗಳ ದಾರಿಯಲ್ಲಿ, ಈ ಮಾತಿನ ಬೆನ್ನು ಹತ್ತಿದೆ. ಓದುಗರು ಇದನ್ನು ಚಿಕಿತ್ಸೆಯ ಸಲಹೆ ಎಂದು ತಿಳಿಯಬಾರದಾಗಿ ವಿನಂತಿ.

ರೋಗಿ ಬದುಕುವನೋ ಇಲ್ಲವೋ ಎಂಬುದನ್ನು ಅವನ ಮೈಮಾಂಸ ನೋಡಿ ಹೇಳುವ ವಿದ್ಯೆ ಬಹಳ ಹಳೆಯದು. ಚರಕಸಂಹಿತೆಯ ಇಂದ್ರಿಯಸ್ಥಾನವೆಂಬ ಭಾಗ ಪೂರ್ತಿಯಾಗಿ ಸಾವಿನ ಮುನ್ಸೂಚನೆಗಳಿಗೇ ಮೀಸಲು; ಬಲವೂ ಮಾಂಸವೂ ಕ್ಷೀಣಿಸಿದ ರೋಗಿಯ ವಿಷಯದಲ್ಲಿ ವೈದ್ಯ ಎಚ್ಚರವಾಗಿರಬೇಕೆಂಬ ಮಾತು ಅಲ್ಲಿ ಮರಳಿ ಮರಳಿ ಬರುತ್ತದೆ. ಗ್ರೀಸಿನ ಹಿಪೊಕ್ರೆಟಿಸನ ಪರಂಪರೆಯ ಗ್ರಂಥಗಳಲ್ಲಿ, ಹೊಟ್ಟೆ ಕಾಲುಗಳಲ್ಲಿ ನೀರು ತುಂಬುತ್ತಿರುವಾಗಲೇ ಹೆಗಲು, ಎದೆ, ತೊಡೆಗಳ ಮಾಂಸ ಕರಗಿಹೋಗುವ ರೋಗಿಯ ವರ್ಣನೆ ಇದೆ. ನಮ್ಮ ದೊಡ್ಡವ್ವನನ್ನು ಎದುರಿಗಿಟ್ಟುಕೊಂಡು ಬರೆದಂತಿದೆ ಅದು.

ಆದರೆ ಚಿಕಿತ್ಸೆಯ ದಾರಿ ಮಾತ್ರ ಎಲ್ಲೆಡೆಯೂ ‘ಬಿಡಿಸುವ’ ದಾರಿಯಾಗಿಯೇ ಬೆಳೆಯಿತು. ಚರಕನ ಉದರ ಚಿಕಿತ್ಸೆಯಲ್ಲಿ ಉಪ್ಪನ್ನೂ ನೀರನ್ನೂ ಬಿಡಿಸಿ ಹಾಲಿನ ಮೇಲೆಯೇ ರೋಗಿಯನ್ನು ಇರಿಸುವ ಕ್ರಮವಿದೆ. 1866ರಲ್ಲಿ ರಷ್ಯದ ಅರಮನೆ ವೈದ್ಯ ಕಾರೆಲ್ ಎಂಬಾತ ಹೆಚ್ಚುಕಡಿಮೆ ಅದನ್ನೇ ಹೊಸದಾಗಿ ಕಂಡುಕೊಂಡಂತೆ ಪ್ರಕಟಿಸಿದ. ಕೆನೆ ತೆಗೆದ ಹಾಲನ್ನು ಅಳತೆಯಿಂದ ದಿನಕ್ಕೆ ಕೆಲವು ಬಾರಿ ಕೊಡುವುದು, ಬೇರೇನೂ ಇಲ್ಲ. ಯುರೋಪಿನ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಹೃದ್ರೋಗಿಗಳು ಈ ಹಾಲಿನ ಮೇಲೆ ಮಲಗಿದರು. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯ ಅನ್ನ ಮತ್ತು ಹಣ್ಣುಗಳದೇ ಪಥ್ಯವನ್ನು ಪ್ರಸಿದ್ಧಿಗೆ ತಂದ. ಇವುಗಳಿಂದ ಬಾವು ಇಳಿಯುತ್ತಿದ್ದುದು ನಿಜ, ಏಕೆಂದರೆ ಇವುಗಳಲ್ಲಿ ಉಪ್ಪು ಬಹಳ ಕಡಿಮೆ. ಒಳ್ಳೆಯ ಮೂತ್ರವರ್ಧಕ ಔಷಧಗಳು ಬರುವ ಮೊದಲು ಬೇರೆ ಉಪಾಯವೂ ಇರಲಿಲ್ಲ. ಆದ್ದರಿಂದ ಆ ವೈದ್ಯರನ್ನು ಇಂದು ಹಳಿಯುವುದು ಸುಲಭ, ನ್ಯಾಯವಲ್ಲ. ಬಾವು ಇಳಿದದ್ದನ್ನು ಅವರು ಎಚ್ಚರಿಕೆಯಿಂದ ಬರೆದಿಟ್ಟರು. ಬಾವಿನ ಜೊತೆಗೆ ಇನ್ನೇನು ಇಳಿಯಿತು ಎಂಬುದನ್ನು ಅಷ್ಟು ಎಚ್ಚರಿಕೆಯಿಂದ ಯಾರೂ ತೂಗಲಿಲ್ಲ.

ತೂಗಿದವರು ಇದ್ದರು, ಆದರೆ ಬೇರೆ ಸಂದರ್ಭದಲ್ಲಿ. ಅದು ನಮ್ಮ ಸೀಮೆಗೆ ಸಂಬಂಧಿಸಿದ ಕಥೆ. ನಾನು ಚಿಕ್ಕವನಿದ್ದಾಗ ಊರಿನ ಹಿರಿಯರು ಯಾರಾದರೂ ಗಬಗಬನೆ ತಿಂದರೆ ‘ಧಾತು ಈಶ್ವರದ ಬರದಾಗೆ ಹುಟ್ಟಿದೋನಂಗೆ ತಿಂತಾನೆ’ ಎನ್ನುತ್ತಿದ್ದರು. ಧಾತು ಮತ್ತು ಈಶ್ವರ ಸಂವತ್ಸರಗಳೆಂದರೆ 1876ರಿಂದ 1878ರವರೆಗಿನ ಕಾಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರಲ್ಲಿ ಅದು 42 ಲಕ್ಷವೂ ಇರಲಿಲ್ಲ. ಮೊಳಕಾಲ್ಮುರಿಗೆ ಒತ್ತಿಕೊಂಡಿರುವ ಬಳ್ಳಾರಿ ಜಿಲ್ಲೆ ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದು, ಬರದ ಅತ್ಯಂತ ಕ್ರೂರವಾದ ಪೆಟ್ಟು ಬಿದ್ದ ಜಿಲ್ಲೆಗಳಲ್ಲಿ ಒಂದಾಗಿತ್ತು. ಹೊಟ್ಟೆ ಹಸಿದವನಿಗೆ ಸಂಸ್ಥಾನದ ಗಡಿ ಯಾವ ಲೆಕ್ಕ? ಜನ ಅತ್ತಿಂದಿತ್ತ, ಇತ್ತಿಂದತ್ತ ಅಲೆದರು.

ಆ ಬರದಲ್ಲಿ ಒಂದು ದೊಡ್ಡ ವಾಗ್ವಾದ ನಡೆಯಿತು. ಪರಿಹಾರದ ವೆಚ್ಚ ತಗ್ಗಿಸಲೆಂದು ಬಂದ ಸರ್ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು ಸಾಕೆಂದು 1877ರ ಜನವರಿಯಲ್ಲಿ ಗೊತ್ತುಪಡಿಸಿದರು. ಒಂದು ಪೌಂಡ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕಲ್ಲು ಒಡೆಯುವವನು ಇಷ್ಟರಲ್ಲಿ ಬದುಕುವುದಿಲ್ಲ, ಬೇಳೆಕಾಳಿಲ್ಲದ ಬರಿಯ ಧಾನ್ಯದಿಂದ ಮೈಯ ಮಾಂಸ ಉಳಿಯುವುದಿಲ್ಲ ಎಂಬುದು ಅವರ ವಾದ. ಕೆಲವು ತಿಂಗಳಲ್ಲೇ ಸರ್ಕಾರ ಕೂಲಿಯನ್ನು ಹೆಚ್ಚಿಸಬೇಕಾಯಿತು. ಹಸಿದವರ ಪಾದಗಳು ಬಾತುಕೊಳ್ಳುವುದನ್ನು, ಹಾಗೆ ಬಾತವರು ಪರಿಹಾರ ಶಿಬಿರಕ್ಕೆ ಬಂದು ಊಟ ಸಿಕ್ಕ ಮೇಲೂ ಸಾಯುತ್ತಿದ್ದುದನ್ನು ಅಂದಿನ ವೈದ್ಯರು ಗಮನಿಸಿದರು.

ಅಲೆಕ್ಸಾಂಡರ್ ಪೋರ್ಟರ್ ಎಂಬ ಸರ್ಜನ್ ಮದರಾಸಿನ ಬರಪರಿಹಾರ ಶಿಬಿರದ ಆಸ್ಪತ್ರೆಯಲ್ಲಿ ಸತ್ತ ನೂರಾರು ಜನರ ಶವಪರೀಕ್ಷೆ ಮಾಡಿ, ಅಂಗಾಂಗಗಳನ್ನು ಒಂದೊಂದಾಗಿ ತೂಗಿ ದಾಖಲಿಸಿದರು. 1889ರಲ್ಲಿ ಮದರಾಸಿನಲ್ಲಿ ಅಚ್ಚಾದ ಅವರ ಪುಸ್ತಕ ಬರಗಾಲದ ರೋಗಗಳನ್ನು ಕುರಿತದ್ದು. ಹೆಸರಿಲ್ಲದೆ ಸತ್ತವರ ಹೃದಯವನ್ನು ಯಾರೋ ಒಬ್ಬರು ತಕ್ಕಡಿಯಲ್ಲಿಟ್ಟು ತೂಗಿ ಬರೆದುಕೊಂಡರು ಎಂಬ ಸಂಗತಿಯೇ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು.

ಬರದ ದಾಖಲೆಗಳು ಎತ್ತಿದ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ಅವರ ತೂಕದ ನಾಲ್ಕನೆಯ ಒಂದು ಭಾಗದಷ್ಟು ಇಳಿಯಿತು. ಕಾಲು ಬಾತವು. ಎಕ್ಸ್‌ರೇಯಲ್ಲಿ ನೋಡಿದರೆ ಹೃದಯದ ಗಾತ್ರವೂ ಕುಗ್ಗಿತ್ತು. ಅದುವರೆಗೆ ಹಲವರು ನಂಬಿದ್ದುದೇನೆಂದರೆ, ಮೈ ಎಷ್ಟೇ ಸೊರಗಲಿ, ಹೃದಯ ಮತ್ತು ಮಿದುಳನ್ನು ದೇಹ ಕಾಪಾಡಿಕೊಳ್ಳುತ್ತದೆ ಎಂದು. ಹಾಗಲ್ಲ, ಹೃದಯವೂ ಒಂದು ಮಾಂಸಖಂಡ, ಮನೆಯಲ್ಲಿ ಹಿಟ್ಟಿಲ್ಲದಿದ್ದಾಗ ಅದರ ಪಾಲಿಗೂ ಕತ್ತರಿ ಬೀಳುತ್ತದೆ. ಮೊದಲೇ ಸೋತ ಹೃದಯಕ್ಕೆ ಹಸಿವು ಎಂದರೆ ಏನೆಂಬುದನ್ನು ಊಹಿಸಿಕೊಳ್ಳಬಹುದು.

ಇನ್ನು ಆ ಬಿಳಿಯ ಗಂಜಿಯ ಮಾತು. ಇದಕ್ಕೆ ತನ್ನದೇ ಒಂದು ಚರಿತ್ರೆಯಿದೆ, ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಮ್ಮದು ಅಕ್ಕಿಯ ಸೀಮೆಯಲ್ಲ. ರಾಜ್ಯದ ಅತಿ ಒಣ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಸೇರಿವೆ. ವೇದಾವತಿಯ ದಂಡೆಯಲ್ಲಿ, ಕೆರೆಗಳ ಹಿಂದೆ ಅಷ್ಟಿಷ್ಟು ಗದ್ದೆ ಬಿಟ್ಟರೆ ಉಳಿದದ್ದೆಲ್ಲ ರಾಗಿ, ಜೋಳ, ನವಣೆ, ಸಾಮೆ, ಸಜ್ಜೆ, ಕೊರಲೆ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಪುರಾತತ್ತ್ವಜ್ಞರು ನವಶಿಲಾಯುಗದ ಮಣ್ಣನ್ನು ಜಾಲಿಸಿದಾಗ ಸಿಕ್ಕ ಸುಟ್ಟ ಕಾಳುಗಳಲ್ಲಿ ಕೊರಲೆ, ಹುರುಳಿ, ಹೆಸರು ಇದ್ದವು. ಅಶೋಕನ ಶಾಸನವಿರುವ ನಮ್ಮ ಬ್ರಹ್ಮಗಿರಿಯ ಬುಡದಲ್ಲಿ ಬಾಳಿದವರೂ ಇಂಥದ್ದನ್ನೇ ಉಂಡಿರಬೇಕು ಎಂದು ನನ್ನ ಊಹೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಇದನ್ನು ಹೇಳುತ್ತಿದ್ದೆ, ಅವರು ಬುತ್ತಿಯ ಚಿತ್ರಾನ್ನದ ಕಡೆ ನೋಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಶೇಂಗಾ ಹೊಲಗಳನ್ನು ಆವರಿಸಿತು, ಚಳ್ಳಕೆರೆ ಎಣ್ಣೆಯ ಗಾಣಗಳ, ಗಿರಣಿಗಳ ಊರಾಯಿತು, ‘ಎರಡನೇ ಬೊಂಬಾಯಿ’ ಎನಿಸಿಕೊಂಡಿತು. ನವಣೆ ಸಾಮೆಗಳು ಹಿಂದೆ ಸರಿದವು.

ಅಕ್ಕಿ ಅಪರೂಪವಾದ್ದರಿಂದಲೇ ಅದಕ್ಕೆ ಗೌರವ. ಹಬ್ಬಕ್ಕೆ, ಬೀಗರಿಗೆ, ಬಾಣಂತಿಗೆ, ರೋಗಿಗೆ. ನಮ್ಮ ಬಾಲ್ಯದಲ್ಲಿ ಯಾರದಾದರೂ ಮನೆಯಲ್ಲಿ ಸುಮ್ಮನೆ ಅನ್ನ ಬೇಯುವ ಘಮ ಬಂದರೆ ‘ಯಾರಿಗೆ ಹುಷಾರಿಲ್ಲ?’ ಎಂದು ಕೇಳುವ ವಾಡಿಕೆಯಿತ್ತು. ಹಗುರ, ತಂಪು, ಬೇಗ ಅರಗುತ್ತದೆ ಎಂಬುದೆಲ್ಲ ಸರಿಯೇ. ಆದರೆ ಗಿರಣಿಯಲ್ಲಿ ಬೆಳ್ಳಗೆ ತೀಡಿದ ಅಕ್ಕಿಯಿಂದ ತೌಡಿನ ಜೊತೆಗೆ ಇನ್ನೊಂದು ಹೊರಟುಹೋಗುತ್ತದೆ. ಅದು ಬಿ1 ಜೀವಸತ್ವ, ಅಂದರೆ ಥಯಾಮಿನ್. ಅದಿಲ್ಲದಿದ್ದರೆ ಹೃದಯ ತನ್ನ ಇಂಧನವನ್ನು ಉರಿಸಲಾರದು. ಕೊರತೆ ತೀವ್ರವಾದಾಗ ಬರುವ ಬೆರಿಬೆರಿ ಎಂಬ ರೋಗದ ಒಂದು ಬಗೆಯಲ್ಲಿ ಕಾಲು ಬಾಯುತ್ತದೆ, ಉಸಿರು ಕಟ್ಟುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಆಹಾರದಿಂದಲೇ ಹುಟ್ಟುವ, ಆಹಾರದಿಂದಲೇ ವಾಸಿಯಾಗುವ ಹೃದಯ ವೈಫಲ್ಯ ಅದು.

ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯ 1890ರ ದಶಕದಲ್ಲಿ ಕೋಳಿಗಳಿಗೆ ಬಿಳಿಯ ಅಕ್ಕಿ ಹಾಕಿ ಬೆರಿಬೆರಿಯಂತಹ ಕಾಯಿಲೆ ಬರಿಸಿ, ತೌಡಿರುವ ಅಕ್ಕಿ ಹಾಕಿ ವಾಸಿಮಾಡಿದ ಕಥೆಯನ್ನು ಅನೇಕರು ಓದಿರಬಹುದು. 1929ರಲ್ಲಿ ಆತನಿಗೆ ನೊಬೆಲ್ ಬಂತು. ನಮ್ಮ ಮಗ್ಗುಲಿನ ಕಥೆ ಅಷ್ಟು ಪ್ರಸಿದ್ಧವಲ್ಲ. ಆಂಧ್ರದ ಕರಾವಳಿಯ, ಅಂದು ಉತ್ತರ ಸರ್ಕಾರುಗಳೆನ್ನುತ್ತಿದ್ದ ಜಿಲ್ಲೆಗಳಲ್ಲಿ, ಗಿರಣಿಯ ಬೆಳ್ತಿಗೆ ಅಕ್ಕಿ ಉಣ್ಣುವ ಜನರಲ್ಲಿ ಬೆರಿಬೆರಿ ನೆಲೆಯೂರಿತ್ತು. ಕುಸುಬಲಕ್ಕಿ ಉಣ್ಣುವವರು, ಕಿರುಧಾನ್ಯ ಉಣ್ಣುವವರು ಪಾರಾಗಿದ್ದರು. ಇದನ್ನು ಶೋಧಿಸಲೆಂದೇ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ ಆರಂಭಿಸಿದ ಬೆರಿಬೆರಿ ವಿಚಾರಣೆಯೇ ಬೆಳೆದು ಪೋಷಣಾ ಸಂಶೋಧನಾಲಯವಾಯಿತು. 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಥಯಾಮಿನನ್ನು 1936ರಲ್ಲಿ ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದೂ ನೆಲ್ಲೂರಿನಲ್ಲಿ.

ನಮ್ಮ ರಾಗಿಗೆ ಈ ಅಪಾಯವಿಲ್ಲ. ರಾಗಿಯ ಸಿಪ್ಪೆ ಕಾಳಿಗೆ ಅಂಟಿಕೊಂಡಿರುವುದರಿಂದ ಅದನ್ನು ಅಕ್ಕಿಯಂತೆ ತೀಡಲಾಗದು, ಹಾಗೆಯೇ ಬೀಸಬೇಕು. ಬಡವರ ಹಿಟ್ಟಿನಲ್ಲಿ ತೌಡು ಉಳಿಯಿತು, ಆ ತೌಡಿನೊಳಗೆ ಅವರ ಹೃದಯಕ್ಕೆ ಬೇಕಾದದ್ದೂ ಉಳಿಯಿತು. ನಾವು ದೊಡ್ಡವ್ವನಿಗೆ ‘ಭಾರ’ವೆಂದು ಬಿಡಿಸಿದ್ದು ಇದನ್ನೇ. ಇನ್ನೊಂದು ಸಂಗತಿ ನನಗೆ ಬಹಳ ತಡವಾಗಿ ತಿಳಿಯಿತು: ನೀರು ಹೋಗುವ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡರೆ ಮೂತ್ರದೊಂದಿಗೆ ಥಯಾಮಿನ್ ಕೂಡ ಹರಿದುಹೋಗಬಹುದೆಂದು 1991ರಲ್ಲಿ ಇಸ್ರೇಲಿನ ವೈದ್ಯರು ತೋರಿಸಿದ್ದಾರೆ. ಹಾಗೆಂದು ಮಾತ್ರೆ ಬಿಡಬಾರದು, ಅದಿಲ್ಲದೆ ಆಕೆ ಅಷ್ಟು ದಿನವೂ ಉಳಿಯುತ್ತಿರಲಿಲ್ಲ. ಥಯಾಮಿನ್ ಕೊಟ್ಟರೆ ಎಲ್ಲ ಹೃದ್ರೋಗಿಗಳಿಗೂ ಗುಣವಾಗುತ್ತದೆಂಬುದೂ ಸಿದ್ಧವಾಗಿಲ್ಲ. ಆದರೆ ಒಂದು ಕಡೆ ಸೋರುವ ಕೊಡಕ್ಕೆ ಇನ್ನೊಂದು ಕಡೆ ನೀರು ಹಾಕುವುದನ್ನೂ ನಾವು ನಿಲ್ಲಿಸಿದ್ದೆವು.

ಬೆರಿಬೆರಿ ಹಳೆಯ ಪುಸ್ತಕದ ರೋಗವೆಂದು ನಾನು ತಿಳಿದಿದ್ದೆ. ಅಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೂರು ತಿಂಗಳ ಆಸುಪಾಸಿನ, ತಾಯಿಯ ಹಾಲನ್ನಷ್ಟೇ ಕುಡಿಯುವ ಕೂಸುಗಳು. ಏದುಸಿರು, ಹಾಲು ಕುಡಿಯಲಾರವು, ಅತ್ತರೆ ಧ್ವನಿ ಹೊರಡದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ಹೃದಯದ ಬಲಭಾಗ ಹಿಗ್ಗಿತ್ತು. ಅಂತಹ 250 ಮಕ್ಕಳಲ್ಲಿ 231 ಮಕ್ಕಳು ಥಯಾಮಿನ್ ಚುಚ್ಚುಮದ್ದಿಗೆ ಸ್ಪಂದಿಸಿದರು, ಅದೂ 24ರಿಂದ 48 ಗಂಟೆಗಳೊಳಗೆ. ಕಾರಣ ಹುಡುಕಿದಾಗ ಕಂಡದ್ದು ತಾಯಂದಿರ ತಟ್ಟೆ: ತೀಡಿದ ಬಿಳಿಯ ಅಕ್ಕಿಯ ಅನ್ನ, ಮೇಲೆ ಬಾಣಂತಿಯ ಪಥ್ಯ. ಕಾಳು ಬೇಡ, ತರಕಾರಿ ಬೇಡ, ನೀರೂ ಅಳತೆಯದೇ. ದೊಡ್ಡವ್ವನ ಗಂಜಿಯ ಬಟ್ಟಲೇ ನಲವತ್ತು ವರ್ಷ ದಾಟಿ ಬಾಣಂತಿಯ ಕೋಣೆಯಲ್ಲಿ ಇನ್ನೂ ಇತ್ತು.

ಈ ನಡುವೆ ನಮ್ಮ ತಾಲ್ಲೂಕುಗಳಲ್ಲಿಯೂ ಅಕ್ಕಿ ಹಬ್ಬದ ಧಾನ್ಯವಾಗಿ ಉಳಿಯಲಿಲ್ಲ. 2013ರಲ್ಲಿ ಅನ್ನಭಾಗ್ಯ ಬಂತು. ಹಸಿವನ್ನು ಅದು ಎಷ್ಟು ತಗ್ಗಿಸಿತೆಂಬುದನ್ನು ಮಧ್ಯಾಹ್ನ ಹಸಿದ ಮಕ್ಕಳಿಗೆ ಪಾಠ ಹೇಳಿದ ನನ್ನಂಥವರು ಮರೆಯಲಾರರು. ಅದನ್ನು ಆಡಿಕೊಳ್ಳುವವರ ಜೊತೆ ನಾನಿಲ್ಲ. ಆದರೆ 2024ರ ವೇಳೆಗೆ ಪಡಿತರದ ಅಕ್ಕಿಗೆ ಕಡ್ಡಾಯವಾಗಿ ಬೆರೆಸುತ್ತಿದ್ದುದು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಆ ಕಡ್ಡಾಯದ ಪಟ್ಟಿಯಲ್ಲಿ ಬಿ1 ಇರಲಿಲ್ಲ.

ಈಗ ಮತ್ತೆ ಆಸ್ಪತ್ರೆಯ ಹಾಸಿಗೆಗೆ ಬರುತ್ತೇನೆ. ಹೃದಯ ಸೋತ ರೋಗಿ ಸೊರಗುವುದೇಕೆ ಎಂಬ ಪ್ರಶ್ನೆಯನ್ನು 1964ರಲ್ಲಿ ಪಿಟ್‌ಮನ್ ಮತ್ತು ಕೋಹೆನ್ ಎಂಬ ಅಮೆರಿಕದ ವೈದ್ಯರಿಬ್ಬರು ಗಂಭೀರವಾಗಿ ಕೈಗೆತ್ತಿಕೊಂಡರು. ಕಾರಣ ಒಂದಲ್ಲ. ಯಕೃತ್ತು ಬಾತು ಹೊಟ್ಟೆಯನ್ನು ಒತ್ತುತ್ತದೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಕರುಳಿನಲ್ಲಿಯೂ ನೀರು ನಿಲ್ಲುವುದರಿಂದ ತಿಂದದ್ದು ಮೈಗೆ ಹತ್ತುವುದಿಲ್ಲ. ಉಸಿರಾಡುವುದೇ ಒಂದು ಕೂಲಿ ಕೆಲಸದಂತೆ ಶಕ್ತಿಯನ್ನು ತಿನ್ನುತ್ತದೆ. 1990ರಲ್ಲಿ ತಿಳಿದುಬಂದಂತೆ, ಉರಿಯೂತಕ್ಕೆ ಸಂಬಂಧಿಸಿದ ಕೆಲವು ರಾಸಾಯನಿಕಗಳು ಇಂಥ ರೋಗಿಗಳ ರಕ್ತದಲ್ಲಿ ಏರಿರುತ್ತವೆ. ಅವು ಹಸಿವನ್ನು ಕೊಲ್ಲುತ್ತವೆ, ಮಾಂಸವನ್ನು ಕರಗಿಸುತ್ತವೆ. ಇಷ್ಟರ ಮೇಲೆ ಸಪ್ಪೆ ಊಟ, ಮನೆಯವರ ಪಥ್ಯ.

ಇದರಿಂದ ರೋಗದ ಗತಿ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಮೊದಲ ಗಟ್ಟಿಯಾದ ಲೆಕ್ಕ ಬಂದದ್ದು 1997ರಲ್ಲಿ, ಲಂಡನ್ನಿನಿಂದ. ಸ್ಟೀಫನ್ ಆಂಕರ್ ಮತ್ತು ಸಂಗಡಿಗರು 171 ರೋಗಿಗಳನ್ನು ಹಿಂಬಾಲಿಸಿದರು. ಬಾವಿನ ನೀರನ್ನು ಲೆಕ್ಕಕ್ಕೆ ಹಿಡಿಯದೆ, ಆರು ತಿಂಗಳಲ್ಲಿ ಶೇಕಡಾ 7.5ಕ್ಕಿಂತ ಹೆಚ್ಚು ತೂಕ ತಾನಾಗಿಯೇ ಇಳಿದವರನ್ನು ಬೇರೆ ಮಾಡಿದರು. ಹದಿನೆಂಟು ತಿಂಗಳು ಕಳೆಯುವಷ್ಟರಲ್ಲಿ ಸೊರಗಿದವರಲ್ಲಿ ಅರ್ಧದಷ್ಟು ಜನ ತೀರಿಕೊಂಡಿದ್ದರು. ಉಳಿದವರಲ್ಲಿ ಶೇಕಡಾ 17. ಹೃದಯ ಎಷ್ಟು ದುರ್ಬಲವಾಗಿದೆ ಎಂಬುದನ್ನು ಬದಿಗಿಟ್ಟು ನೋಡಿದರೂ ಸೊರಗುವಿಕೆ ತನ್ನಷ್ಟಕ್ಕೇ ಒಂದು ಅಪಾಯವಾಗಿತ್ತು. ಚರಕ ಹೇಳಿದ ಬಲಮಾಂಸದ ಮಾತಿಗೆ ಅಂಕಿ ಸಿಕ್ಕಿದಂತಾಯಿತು.

ಸೊರಗಿದವರು ಬೇಗ ಸಾಯುತ್ತಾರೆಂದು ತಿಳಿಯುವುದು ಬೇರೆ, ಊಟ ಕೊಟ್ಟರೆ ಬದುಕುತ್ತಾರೆಂದು ತೋರಿಸುವುದು ಬೇರೆ. ಚರಿತ್ರೆ ಓದಿದವನಿಗೆ ಈ ಭೇದ ಗೊತ್ತಿರಬೇಕು. ಕೋಳಿ ಕೂಗಿದ ಮೇಲೆ ಬೆಳಗಾಗುತ್ತದೆ ಎಂದಮಾತ್ರಕ್ಕೆ ಕೋಳಿಯೇ ಬೆಳಗು ಮಾಡಿತು ಎನ್ನಲಾಗದು. ಆಸ್ಪತ್ರೆಗಳಲ್ಲಿ ರಕ್ತದ ಆಲ್ಬುಮಿನ್ ಅಂಶ ನೋಡಿ ಪೋಷಣೆಯನ್ನು ಅಳೆಯುವುದುಂಟು, ಅದು ತಗ್ಗಿದ್ದರೆ ಗತಿ ಒಳ್ಳೆಯದಲ್ಲ ಎಂಬುದೂ ನಿಜ. ಆದರೆ ಉರಿಯೂತದಿಂದಲೂ, ಮೈಯಲ್ಲಿ ನೀರು ಹೆಚ್ಚಿದ್ದರಿಂದಲೂ ಅದು ತಗ್ಗುತ್ತದೆ. ಆದ್ದರಿಂದಲೇ ಆ ಹುಡುಗಿ ಟೇಪು ಹಿಡಿದು ಬಂದದ್ದು.

ಊಟ ಕೊಟ್ಟು ನೋಡಿದವರು ಸ್ಪೇನಿನ ವೈದ್ಯರು. 2016ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ, ಪೋಷಣೆ ಕೆಟ್ಟಿದ್ದ 120 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆ, ಉಳಿದವರಿಗೆ ಅದರ ಜೊತೆಗೆ ಅವರವರಿಗೆ ತಕ್ಕ ಊಟದ ಏರ್ಪಾಡು. ವರ್ಷ ಕಳೆಯುವಷ್ಟರಲ್ಲಿ ಸತ್ತವರು ಅಥವಾ ಹೃದಯ ಕೆಟ್ಟು ಮತ್ತೆ ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲಿ ಶೇಕಡಾ 60ಕ್ಕೂ ಹೆಚ್ಚು, ಎರಡನೆಯದರಲ್ಲಿ ಸುಮಾರು 27. ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ನಡೆದ ಇನ್ನೂ ದೊಡ್ಡ ಪ್ರಯೋಗದಲ್ಲಿದ್ದ 645 ಹೃದಯ ವೈಫಲ್ಯದ ರೋಗಿಗಳ ಲೆಕ್ಕ 2021ರಲ್ಲಿ ಬಂತು: ಊಟದ ಆರೈಕೆ ಸಿಕ್ಕವರಲ್ಲಿ ಮೂವತ್ತು ದಿನಗಳೊಳಗೆ ಸತ್ತವರು ಶೇಕಡಾ 8.4, ಸಿಗದವರಲ್ಲಿ 14.8. ಹೊಸ ಔಷಧವೊಂದು ಇಷ್ಟು ಮಾಡಿದ್ದರೆ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತಿತ್ತು. ಉಪ್ಪಿನ ವಿಷಯದಲ್ಲಿಯೂ ಅತಿಯಾದ ಕಟ್ಟುನಿಟ್ಟಿನ ಬಗ್ಗೆ ಈಗ ವೈದ್ಯರಲ್ಲಿ ಮರುಚಿಂತನೆ ಇದೆ. 2022ರಲ್ಲಿ ಆರು ದೇಶಗಳ 806 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಉಪ್ಪನ್ನು ತೀರಾ ಕೆಳಗಿಳಿಸಿದ್ದರಿಂದ ಸಾವಾಗಲಿ ಆಸ್ಪತ್ರೆಯ ದಾಖಲಾತಿಯಾಗಲಿ ಕಡಿಮೆಯಾಗಲಿಲ್ಲ. ಉಪ್ಪಿನಕಾಯಿ ಹಪ್ಪಳಗಳಿಗೆ ಇದು ಪರವಾನಗಿಯಲ್ಲ, ಅದು ಬೇರೆ ಮಾತು.

ನಮ್ಮ ದೇಶದ ಲೆಕ್ಕವನ್ನೂ ಹೇಳಬೇಕು. ತಿರುವನಂತಪುರದಲ್ಲಿ 2013ರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ 1205 ಜನರನ್ನು ಪಟ್ಟಿ ಮಾಡಿದರು. ಅವರ ಸರಾಸರಿ ವಯಸ್ಸು 61. ಆಮೇಲೆ ದೇಶದ 53 ಆಸ್ಪತ್ರೆಗಳ 10,851 ರೋಗಿಗಳ ಪಟ್ಟಿಯಲ್ಲಿ ಸರಾಸರಿ ವಯಸ್ಸು ಅರವತ್ತೂ ತುಂಬಿರಲಿಲ್ಲ, ತೊಂಬತ್ತು ದಿನಗಳೊಳಗೆ ಶೇಕಡಾ 14ರಷ್ಟು ಜನ ತೀರಿಕೊಂಡಿದ್ದರು. ಪಶ್ಚಿಮದ ದೇಶಗಳಲ್ಲಿ ಇದು ಎಪ್ಪತ್ತು ದಾಟಿದವರ ಕಾಯಿಲೆ. ನಮ್ಮಲ್ಲಿ ಇನ್ನೂ ಹೊಲಕ್ಕೆ ಹೋಗುವವರ, ಮಗ್ಗದ ಕುಣಿಯಲ್ಲಿ ಕೂರುವವರ ಕಾಯಿಲೆ. ದೊಡ್ಡವ್ವನಿಗೆ ಆಗ ಐವತ್ತೆಂಟು.

ನನ್ನ ಸಹೋದ್ಯೋಗಿ ಚೇತರಿಸಿಕೊಂಡು ಚಳ್ಳಕೆರೆಗೆ ಮರಳಿದರು. ಮೊನ್ನೆ ನೋಡಲು ಹೋಗಿದ್ದೆ. ಅವರ ಮಂಚದ ಪಕ್ಕದ ಗೋಡೆಯ ಮೇಲೆ ಕ್ಯಾಲೆಂಡರು, ಅದರ ಪ್ರತಿ ದಿನದ ಮನೆಯಲ್ಲಿ ಅವರ ಹೆಂಡತಿ ಪೆನ್ಸಿಲಿನಲ್ಲಿ ಬರೆದ ಎರಡೆರಡು ಅಂಕಿಗಳು: ಬೆಳಗಿನ ತೂಕ, ಮತ್ತು ಎಷ್ಟು ಉಂಡರು ಎಂಬುದು, ನಾಲ್ಕಾಣೆ ಎಂಟಾಣೆ ಲೆಕ್ಕದಲ್ಲಿ. ಒಂದೇ ದಿನಕ್ಕೆ ತೂಕ ಏರಿದರೆ ಅದು ನೀರು, ಡಾಕ್ಟರಿಗೆ ಫೋನು. ತಿಂಗಳಲ್ಲಿ ಮೆಲ್ಲಗೆ ಇಳಿದರೆ ಅದು ಮಾಂಸ, ಅದಕ್ಕೂ ಫೋನು. ಮಧ್ಯಾಹ್ನ ಅವರಿಗೆ ಬಡಿಸಿದ್ದು ಉಪ್ಪು ಕಡಿಮೆ ಹಾಕಿದ ಹೆಸರುಕಾಳಿನ ಸಾರು, ಮೇಲೆ ಒಂದು ಮೊಟ್ಟೆ, ಕಿತ್ತಳೆ ಗಾತ್ರದ ರಾಗಿಮುದ್ದೆ. “ತಗೊಳ್ರೀ ಮೇಷ್ಟ್ರೇ, ನೀವೂ ಒಂದು ತುತ್ತು” ಎಂದು ಆ ತಾಯಿ ನನಗೂ ತಟ್ಟೆ ಇಟ್ಟರು.

ಆ ಬೆಳ್ಳಿ ಕಡಗ ಈಗ ಅತ್ತಿಗೆಯ ಮೊಮ್ಮಗಳ ಕೈಯಲ್ಲಿದೆ. ಅವಳು ನಮ್ಮ ಸೀಮೆಯಲ್ಲೇ ಅಂಗನವಾಡಿ ಕಾರ್ಯಕರ್ತೆ. ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿಯನ್ನು ಮಕ್ಕಳ ರಟ್ಟೆಗೆ ಸುತ್ತಿ ಅಳೆಯುವಾಗ ಅದು ಮುಂಗೈಯಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ.